ಮಾರಿಷಸ್‌ನಲ್ಲಿ ಬಗ್ಗಿ ಸವಾರಿ: ಅಮ್ಮ, ಮಗ ಎಲ್ಲರೂ ಹೋಗಬಹುದಾ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಜುಲೈ ಕೊನೆಯಲ್ಲಿ ನಾವು ನಾಲ್ಕು ಜನ ಮಾರಿಷಸ್‌ಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನ್ರು, ಒಂಬತ್ತು ವರ್ಷದ ಮಗ, ಜೊತೆಗೆ ನಮ್ಮಮ್ಮ. ಅಮ್ಮನಿಗೆ ಅರವತ್ತೆರಡು. ಶಿವಮೊಗ್ಗ ಬಿಟ್ಟು ಅವರು ಇಷ್ಟು ದೂರ ಬರುತ್ತಿರುವುದು ಇದೇ ಮೊದಲು.

ಫ್ಲಿಕ್ ಆನ್ ಫ್ಲಾಕ್‌ನಲ್ಲಿ ರೂಮು ಬುಕ್ ಮಾಡಿದ್ದೇವೆ. ಅಲ್ಲಿಂದ ದಕ್ಷಿಣದ ಬೆಟ್ಟಗಳ ಕಡೆ ಗೈಡ್ ಜೊತೆ ಎರಡು ಗಂಟೆ ಬಗ್ಗಿ (ಮಣ್ಣಿನ ದಾರಿಗೆಂದೇ ಮಾಡಿದ, ಸ್ಟೇರಿಂಗ್ ಇರುವ ಪುಟ್ಟ ತೆರೆದ ಗಾಡಿ) ಓಡಿಸಿಕೊಂಡು ಬರುವ ಸವಾರಿ ಇದೆಯಂತೆ. ಯಜಮಾನ್ರು ವಿಡಿಯೋ ನೋಡಿ ನೋಡಿ ಕಾಯುತ್ತಾ ಕೂತಿದ್ದಾರೆ. ಹಳ್ಳಕ್ಕೆ ಗಾಡಿ ಇಳಿಸುವುದು, ನೀರು ಎರಡೂ ಕಡೆ ಚಿಮ್ಮುವುದು, ಬರೀ ಅದೇ. ಅವರು ಬೆಂಗಳೂರಲ್ಲಿ ದಿನಾ ಕಾರು ಓಡಿಸುತ್ತಾರೆ ನಿಜ. ಆದರೆ ಮಣ್ಣಿನ ದಾರಿಯಲ್ಲಿ ಓಡಿಸಿದವರಲ್ಲ. ನನಗೆ ಭಯ.

ಕ್ವಾಡ್ (ನಾಲ್ಕು ಗಾಲಿಯ ಬೈಕು) ಒಳ್ಳೆಯದಾ, ಬಗ್ಗಿ ಒಳ್ಳೆಯದಾ? ಮಗನನ್ನು ಕೂರಿಸಿಕೊಳ್ಳುತ್ತಾರಾ? ಅಮ್ಮ ಬೇರೆ "ನನ್ನನ್ನು ರೂಮಲ್ಲಿ ಬಿಟ್ಟು ಹೋಗಬೇಡಿ, ನಾನೂ ಕೂರ್ತೀನಿ" ಅಂತಿದ್ದಾರೆ. ಹೋಗಿ ಬಂದವರು ದಯವಿಟ್ಟು ಬಿಡಿಸಿ ಹೇಳಿ.

ಹಾಸನದ ಹುಡುಗ:

ನಾವು ಸ್ನೇಹಿತರು ಕ್ವಾಡ್ ತಗೊಂಡಿದ್ದೆವು. ತುಂಬಾ ಖುಷಿ ಆಯಿತು. ಆದರೆ ನಿಮ್ಮ ಮನೆಯವರಿಗೆ ಅದು ಬೇಡ. ಅದು ಬೈಕಿನ ಹಾಗೆ ಕಾಲು ಎರಡೂ ಕಡೆ ಹಾಕಿ ಕೂರುವ ಗಾಡಿ. ಸುತ್ತ ಏನೂ ಆಸರೆ ಇಲ್ಲ. ಬಗ್ಗಿಯಲ್ಲಾದರೆ ಸೀಟಿದೆ, ಬೆಲ್ಟ್ ಇದೆ, ತಲೆ ಮೇಲೆ ಕಬ್ಬಿಣದ ಚೌಕಟ್ಟಿದೆ.

ಹಳೇ ಬಟ್ಟೆ ಹಾಕಿಕೊಂಡು ಹೋಗಿ. ಅಲ್ಲಿನ ಕೆಂಪು ಮಣ್ಣಿನ ಕಲೆ ಏನು ಮಾಡಿದರೂ ಹೋಗಲ್ಲ. ನನ್ನ ಬಿಳಿ ಟೀ ಶರ್ಟನ್ನು ಅಮ್ಮ ಮೂರು ಸಲ ಒಗೆದು ಕೊನೆಗೆ ಒರೆಸುವ ಬಟ್ಟೆ ಮಾಡಿದರು. ಚಪ್ಪಲಿ ಬೇಡ, ಶೂ ಹಾಕಿ. ಬೆಳಿಗ್ಗೆಯ ಸರದಿಯನ್ನೇ ತಗೊಳ್ಳಿ. ಜುಲೈ ಅಲ್ಲಿ ಚಳಿಗಾಲ, ಸಂಜೆ ಆರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಒದ್ದೆ ಬಟ್ಟೆಯಲ್ಲಿ ಬೆಟ್ಟದ ಗಾಳಿಗೆ ನಡುಕ ಬರುತ್ತದೆ.

ಕಬ್ಬಿನ ಗದ್ದೆ:

ನಾವು ಹೋಗಿದ್ದು ಎರಡು ವರ್ಷದ ಹಿಂದೆ, ಜುಲೈನಲ್ಲೇ. ನಾನು, ಹೆಂಡತಿ, ಹನ್ನೊಂದು ವರ್ಷದ ಮಗಳು, ನಮ್ಮಪ್ಪ. ನಾಲ್ಕು ಸೀಟಿನ ಬಗ್ಗಿ. ನಿಮ್ಮ ಪ್ರಶ್ನೆ ನೋಡಿ ಉದ್ದಕ್ಕೇ ಬರೆಯಬೇಕು ಅನ್ನಿಸಿತು.

ಮೊದಲು ಒಂದು ಹಳೇ ನೋವು ಹೇಳಿಬಿಡುತ್ತೇನೆ. ಅದಕ್ಕೂ ಹಿಂದೆ ಬೇರೊಂದು ಸಮುದ್ರದ ಊರಲ್ಲಿ ನನ್ನ ತಮ್ಮ ಕ್ವಾಡ್ ಓಡಿಸಿದ್ದ. ಬಾಡಿಗೆಗೆ ಕೊಟ್ಟವನು ಬೀಗದ ಕೈ ಕೊಟ್ಟು ದುಡ್ಡು ಎಣಿಸಿಕೊಂಡ, ಅಷ್ಟೇ. ಹೇಗೆ ಓಡಿಸಬೇಕು ಅಂತ ಒಂದು ಮಾತು ಹೇಳಲಿಲ್ಲ. ತಿರುವಿನಲ್ಲಿ ಗಾಡಿ ಸ್ವಲ್ಪ ವಾಲಿತು. ತಮ್ಮ ಸ್ಕೂಟರ್ ಓಡಿಸಿ ಅಭ್ಯಾಸ ಇದ್ದವನು, ಬೀಳುವ ಕಡೆಗೆ ಕಾಲು ಊರಿದ. ಹಿಂದಿನ ಗಾಲಿ ಅವನ ಕಾಲಿನ ಮೇಲೇ ಹತ್ತಿತು. ಕಣಕಾಲಿನ ಮೂಳೆ ಮುರಿದು ಮೂರು ತಿಂಗಳು ಮನೆಯಲ್ಲಿದ್ದ. ಸ್ಕೂಟರ್‌ನಲ್ಲಿ ಕಾಲು ಕೊಟ್ಟರೆ ಉಳಿದುಕೊಳ್ಳುತ್ತೇವೆ. ಕ್ವಾಡ್‌ನಲ್ಲಿ ಕಾಲು ಕೊಟ್ಟರೆ ಕಾಲೇ ಹೋಗುತ್ತದೆ. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ನಾನು ಕೇಳಿಕೊಳ್ಳುವುದು, ಗಾಡಿ ನೋಡಿ ಬುಕ್ ಮಾಡಬೇಡಿ, ಗೈಡ್ ನೋಡಿ ಬುಕ್ ಮಾಡಿ.

ಮಾರಿಷಸ್‌ನಲ್ಲಿ ನಮಗೆ ಸಿಕ್ಕಿದ ಗೈಡ್ ಐವತ್ತು ದಾಟಿದವರು. ಹೊರಡುವ ಮುಂಚೆ ಹತ್ತಿರ ಹತ್ತಿರ ಅರ್ಧ ಗಂಟೆ ಮೈದಾನದಲ್ಲೇ ಕಳೆದರು. ನನ್ನ ಲೈಸೆನ್ಸ್ ನೋಡಿದರು. ಒಬ್ಬೊಬ್ಬರ ಬೆಲ್ಟನ್ನೂ ತಾವೇ ಎಳೆದು ನೋಡಿದರು. ಮಗಳ ಬೆನ್ನು ಸೀಟಿಗೆ ಒರಗುತ್ತದಾ, ಪಾದ ಎರಡೂ ನೆಲಕ್ಕೆ ಪೂರ್ತಿ ತಾಗುತ್ತವಾ ಅಂತ ಬಗ್ಗಿ ನೋಡಿದರು. ನಿಮ್ಮ ಮಗನ ವಿಷಯದಲ್ಲಿ ವಯಸ್ಸಿಗಿಂತ ಇದು ಮುಖ್ಯ. ಕಾಲು ಗಾಳಿಯಲ್ಲಿ ತೂಗಾಡುತ್ತಿದ್ದರೆ ಕುಲುಕಾಟಕ್ಕೆ ಮಗು ಬೆಲ್ಟ್ ಒಳಗಿಂದ ಜಾರುತ್ತದೆ. ಒಬ್ಬೊಬ್ಬರದು ಒಂದೊಂದು ನಿಯಮ ಇರುತ್ತದೆ, ಅವನ ಎತ್ತರ ಹೇಳಿ ಮೊದಲೇ ಕೇಳಿಬಿಡಿ.

ಆಮೇಲೆ ನನ್ನನ್ನು ಎರಡು ಸುತ್ತು ಓಡಿಸಲು ಹೇಳಿ ಪಕ್ಕದಲ್ಲಿ ನಿಂತು ನೋಡಿದರು. ಅಲ್ಲಿ ರಸ್ತೆಯಲ್ಲಿ ನಮ್ಮ ಹಾಗೇ ಎಡಗಡೆ ಓಡಿಸುತ್ತಾರೆ. ಆದರೆ ನಮಗೆ ಕೊಟ್ಟ ಬಗ್ಗಿಯ ಸ್ಟೇರಿಂಗ್ ಎಡಕ್ಕಿತ್ತು. ಬಲಗಡೆ ಗಾಡಿ ಎಷ್ಟು ಚಾಚಿಕೊಂಡಿದೆ ಅನ್ನುವ ಅಂದಾಜು ತಪ್ಪುತ್ತದೆ. ಯಜಮಾನ್ರಿಗೆ ಇದನ್ನು ಈಗಲೇ ಹೇಳಿಡಿ.

ಇನ್ನು ಹೆಬ್ಬೆರಳು. ಸ್ಟೇರಿಂಗ್ ಹಿಡಿಯುವಾಗ ಹೆಬ್ಬೆರಳನ್ನು ಒಳಗೆ ಸುತ್ತಬಾರದು, ಮಿಕ್ಕ ಬೆರಳುಗಳ ಜೊತೆ ಹೊರಗಡೆಯೇ ಇಡಬೇಕು. ಮುಂದಿನ ಗಾಲಿ ಕಲ್ಲಿಗೆ ಬಡಿದಾಗ ಸ್ಟೇರಿಂಗ್ ರಪ್ಪನೆ ತಿರುಗುತ್ತದೆ. ಹೆಬ್ಬೆರಳು ಒಳಗಿದ್ದರೆ ಅದರ ಅಡ್ಡಪಟ್ಟಿ ಬಂದು ಹೊಡೆಯುತ್ತದೆ. ಗೈಡ್ ಇದನ್ನು ಕೈ ಮಾಡಿ ತೋರಿಸಿದಾಗ ಹಿಂದೆ ಕೂತಿದ್ದ ಅಪ್ಪ "ಅದೇ ಕಣೋ, ನಾನು ಟ್ರಾಕ್ಟರ್ ಕಲಿಸುವಾಗ ಹೇಳಿರಲಿಲ್ವಾ" ಅಂದರು. ಹೇಳಿದ್ದರು. ನಾನು ಹತ್ತನೇ ಕ್ಲಾಸಿನಲ್ಲಿದ್ದೆ. ಅಪ್ಪ ಈಗಲೂ ನೇರವಾಗಿ ಕೂತು ಟ್ರಾಕ್ಟರ್ ಓಡಿಸುವವರು, ಕುಲುಕಾಟ ಅವರಿಗೆ ಹೊಸದಲ್ಲ. ಅದಕ್ಕೇ ಅವರನ್ನು ಧೈರ್ಯವಾಗಿ ಕರೆದುಕೊಂಡು ಹೋದೆ.

ದಾರಿಯ ಬಗ್ಗೆ ಜಾಸ್ತಿ ಹೇಳಲ್ಲ. ಇಳಿಜಾರಿನಲ್ಲಿ ಲೋ ಗೇರಿಗೆ ಹಾಕಿ ಆಕ್ಸಿಲರೇಟರಿಂದ ಕಾಲು ತೆಗೆದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ನ್ಯೂಟ್ರಲ್ ಮಾತ್ರ ಬೇಡವೇ ಬೇಡ. ಹಳ್ಳ ದಾಟುವಾಗ ಒಂದೇ ಹದದಲ್ಲಿ ನಿಧಾನ ಹೋಗಿ, ನಡುವೆ ನಿಲ್ಲಿಸಬೇಡಿ. ದಾಟಿದ ಮೇಲೆ ಬ್ರೇಕ್ ಒದ್ದೆಯಾಗಿರುತ್ತದೆ, ಎರಡು ಮೂರು ಸಲ ಮೆಲ್ಲಗೆ ಒತ್ತಿ ನೋಡಿ. ಗಾಡಿ ವಾಲಿತು ಅನ್ನಿಸಿದರೆ ಕೈ ಹೊರಗೆ ಚಾಚಬೇಡಿ. ಒಳಗಿನ ಹಿಡಿ ಹಿಡಿದು ಗಟ್ಟಿಯಾಗಿ ಕೂತುಬಿಡಿ. ನಮ್ಮ ಗೈಡ್ ಪ್ರತಿ ತಿರುವಿನಲ್ಲೂ ಕೈ ಎತ್ತಿ "ದೂಸ್ಮಾ, ದೂಸ್ಮಾ" ಅನ್ನುತ್ತಿದ್ದರು. ಅವರ ಕ್ರಿಯೋಲ್ ಭಾಷೆಯಲ್ಲಿ ಮೆಲ್ಲಗೆ ಅಂತ. ಮಗಳು ಊರಿಗೆ ಬಂದ ಮೇಲೂ ಸ್ಕೂಟರ್ ಹಿಂದೆ ಕೂತು ನನಗೆ ಅದನ್ನೇ ಹೇಳುತ್ತಾಳೆ.

ನನಗೆ ಮನಸ್ಸಿನಲ್ಲಿ ಉಳಿದಿರುವುದು ಗಾಡಿ ನಿಲ್ಲಿಸಿದ ಒಂದು ಜಾಗ. ದಾರಿ ಕಾಡು ಬಿಟ್ಟು ಕಬ್ಬಿನ ಬಯಲಿಗೆ ಬಂತು. ನಮ್ಮದು ಪಾಂಡವಪುರದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ಬಯಲು. ಹುಟ್ಟಿದಾಗಿನಿಂದ ಕಬ್ಬು ನೋಡಿದವರು. ಆದರೂ ಅಪ್ಪ "ನಿಲ್ಸು, ನಿಲ್ಸು" ಅಂದರು. ಗೈಡ್ ಒಪ್ಪಿ ಎಂಜಿನ್ ಆರಿಸಿದರು. ಕಬ್ಬೆಲ್ಲ ಸೂಲಂಗಿ (ಹೂವಿನ ತೆನೆ) ಬಿಟ್ಟು ಗಾಳಿಗೆ ಬೆಳ್ಳಗೆ ತೂಗುತ್ತಿತ್ತು. ಆ ಕಡೆ ಕಟಾವು ಶುರುವಾಗಿತ್ತು. ಬಯಲಿನ ನಡುನಡುವೆ ಕಪ್ಪು ಕಲ್ಲಿನ ಗುಡ್ಡೆಗಳು, ಮನೆಯಷ್ಟು ಎತ್ತರ. ಒಂದರ ಮೇಲೊಂದು ಸಾಲಾಗಿ ಜೋಡಿಸಿದ ಹಾಗಿತ್ತು. ಅಪ್ಪ ಹತ್ತಿರ ಹೋಗಿ ಒಂದು ಕಲ್ಲಿನ ಮೇಲೆ ಕೈಯಿಟ್ಟು, ಇದನ್ನು ಯಾರು ಪೇರಿಸಿದ್ದು ಅಂತ ಕೇಳಿದರು.

ನಾನು ಹಿಂದಿಯಲ್ಲಿ ಕೇಳಿದೆ. ಗೈಡ್ ಎದೆ ಮುಟ್ಟಿಕೊಂಡು, ನಮ್ಮ ಮುತ್ತಜ್ಜನ ಕಾಲದವರು ಅಂದರು. ಅವರ ಮುತ್ತಜ್ಜ ಬಿಹಾರದಿಂದ ಬಂದವರಂತೆ. ಆ ದ್ವೀಪ ಜ್ವಾಲಾಮುಖಿಯಿಂದ ಎದ್ದದ್ದು, ನೆಲದ ತುಂಬಾ ಕಲ್ಲು. ಕಬ್ಬು ಹಾಕಬೇಕಾದರೆ ಮೊದಲು ಕಲ್ಲು ಕೀಳಬೇಕು. ಕಬ್ಬನ್ನು ಅಲ್ಲಿಗೆ ತಂದವರು ಡಚ್ಚರು, 1639ರಲ್ಲಿ, ಜಾವಾದಿಂದ. ಕಾಡಿನಲ್ಲಿ ನಮಗೆ ಕಂಡ ಜಿಂಕೆಗಳ ಮೂಲವೂ ಅದೇ ವರ್ಷ, ಅದೇ ಊರು. ಮೊದಲು ಗುಲಾಮರಿಂದ ದುಡಿಸಿದರು. 1834ರಿಂದ ನಮ್ಮ ದೇಶದ ಕೂಲಿಗಳನ್ನು ಕರಾರಿನ ಮೇಲೆ ಹಡಗಿನಲ್ಲಿ ತಂದರು. ನಾಲ್ಕೂವರೆ ಲಕ್ಷ ಜನ ಹಾಗೆ ಬಂದರು. ಬಿಹಾರದವರೇ ಜಾಸ್ತಿ, ತಮಿಳರು, ತೆಲುಗರು, ಮರಾಠಿಯವರೂ ಇದ್ದಾರೆ.

ಅಪ್ಪನಿಗೆ ಹಿಂದಿ ಬರಲ್ಲ. ಗೈಡ್‌ಗೆ ಕನ್ನಡ ಬರಲ್ಲ. ಆದರೂ ಇಬ್ಬರೂ ಕಬ್ಬಿನ ಬುಡದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಮಾತಾಡಿದರು. ಅಪ್ಪ ಬುಡ ತೋರಿಸಿ ಎಷ್ಟು ಕೂಳೆ, ಅಂದರೆ ಕಡಿದ ಬುಡದಿಂದಲೇ ಎಷ್ಟು ಸಲ ಮತ್ತೆ ಬೆಳೆ ತೆಗೆಯುತ್ತೀರಿ ಅಂತ ಬೆರಳಲ್ಲಿ ಕೇಳಿದರು. ಗೈಡ್ ಏಳು ಬೆರಳು ತೋರಿಸಿದರು. ಅಪ್ಪ ನಂಬಲಿಲ್ಲ. ನಮ್ಮಲ್ಲಿ ಎರಡು ಮೂರು ಕೂಳೆ ಬಿಟ್ಟರೆ ಹೆಚ್ಚು. ಮತ್ತೆ ಕೇಳಿದರು, ಮತ್ತೆ ಏಳೇ. ಅಪ್ಪ ಒಂದು ಹಿಡಿ ಮಣ್ಣು ತೆಗೆದು, ಹಿಸುಕಿ, ಮೂಸಿ ನೋಡಿ ಕೆಳಗೆ ಬಿಟ್ಟರು.

ಮಾರನೇ ದಿನ ಅಪ್ಪನೇ ಕೇಳಿ ರಾಜಧಾನಿ ಪೋರ್ಟ್ ಲೂಯಿಸ್‌ಗೆ ಕರೆಸಿಕೊಂಡು ಹೋದರು. ಹಡಗಿನಿಂದ ಇಳಿದ ಕೂಲಿಗಳು ಹತ್ತಿ ಬಂದ ಹದಿನಾರು ಮೆಟ್ಟಿಲು ಅಲ್ಲಿ ಈಗಲೂ ಇದೆ, ಆಪ್ರವಾಸಿ ಘಾಟ್ ಅಂತ. ಅಪ್ಪ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು ಸುಮ್ನೆ ನಿಂತಿದ್ದರು.

ಜೋರಾಗಿ ಓಡಿಸುವ ಗುಂಪಿನ ಜೊತೆ ಹೋಗಿದ್ದರೆ ಆ ಗುಡ್ಡೆಗಳು ಪಕ್ಕದಲ್ಲಿ ಕಪ್ಪಗೆ ಹಾದು ಹೋಗುತ್ತಿದ್ದವು, ಅಷ್ಟೇ. ಬುಕ್ ಮಾಡುವಾಗ ಎರಡು ಮಾತು ಕೇಳಿ. ಹೊರಡುವ ಮುಂಚೆ ಎಷ್ಟು ಹೊತ್ತು ಹೇಳಿಕೊಡುತ್ತೀರಿ? ದಾರಿಯಲ್ಲಿ ನಿಲ್ಲಿಸುತ್ತೀರಾ?

ತುಂಗಾತೀರ:

ಓದಿ ಕಣ್ಣು ತುಂಬಿತು. ನಮ್ಮ ಯಜಮಾನ್ರಿಗೂ ಓದಿ ಹೇಳಿದೆ.

ಒಂದು ವಿಷಯ ಬರೆಯಲು ಮರೆತಿದ್ದೆ. ಅಮ್ಮನಿಗೆ ನಾಲ್ಕು ವರ್ಷದ ಹಿಂದೆ ಸೊಂಟದ ಡಿಸ್ಕ್ ತೊಂದರೆ ಆಗಿತ್ತು. ಈಗ ನೋವಿಲ್ಲ, ದಿನಾ ವಾಕಿಂಗ್ ಮಾಡುತ್ತಾರೆ. ದಿಂಬು ಇಟ್ಟು ಕೂರಿಸಿದರೆ ಆಗುತ್ತದಾ? ಇನ್ಶೂರೆನ್ಸ್ ಬಗ್ಗೆಯೂ ಹೇಳಿ.

ಮೈಸೂರು ಫಿಸಿಯೋ:

ನಾನು ಫಿಸಿಯೋಥೆರಪಿಸ್ಟ್. ದಯವಿಟ್ಟು ಅಮ್ಮನನ್ನು ಬಗ್ಗಿಯಲ್ಲಿ ಕೂರಿಸಬೇಡಿ. ನಡೆದಾಡುವಾಗ ನೋವಿಲ್ಲ ಅಂದರೆ ಡಿಸ್ಕ್ ಕುಲುಕಾಟ ತಡೆಯುತ್ತದೆ ಅಂತಲ್ಲ. ಗಾಡಿ ಗುಂಡಿಗೆ ಬಿದ್ದಾಗ ಕೂತವರ ತೂಕವೆಲ್ಲ ನೇರ ಬೆನ್ನುಮೂಳೆಯ ಕೆಳಭಾಗಕ್ಕೆ ಬಂದು ಹೊಡೆಯುತ್ತದೆ. ನಿಂತಿದ್ದರೆ ಮೊಣಕಾಲು ಬಗ್ಗಿ ಆ ಏಟು ತಗೊಳ್ಳುತ್ತದೆ, ಕೂತವರಿಗೆ ಆ ಅನುಕೂಲ ಇಲ್ಲ. ಅದರ ಮೇಲೆ ಪಕ್ಕಕ್ಕೆ ತಿರುಚುವುದು ಬೇರೆ. ಓಡಿಸುವವರಿಗೆ ಗುಂಡಿ ಮೊದಲೇ ಕಾಣುತ್ತದೆ, ಮೈ ಬಿಗಿ ಹಿಡಿಯುತ್ತಾರೆ. ಹಿಂದೆ ಕೂತವರಿಗೆ ಗೊತ್ತೇ ಆಗಲ್ಲ.

ದಿಂಬು ಇಟ್ಟರೆ ಇನ್ನೂ ಕೆಟ್ಟದ್ದು. ಬೆಲ್ಟ್ ಸಡಿಲ ಆಗುತ್ತದೆ. ಅರವತ್ತು ದಾಟಿದ ಹೆಂಗಸರಲ್ಲಿ ಮೂಳೆ ಸವೆದಿರುವ ಸಾಧ್ಯತೆಯೂ ಇದೆ. ಬೇಕಿದ್ದರೆ ಅವರ ಡಾಕ್ಟರನ್ನೇ ಒಂದು ಮಾತು ಕೇಳಿ. ಗರ್ಭಿಣಿಯರೂ ಕೂರಬಾರದು, ಬೇರೆಯವರು ಓದುತ್ತಿದ್ದರೆ ಇರಲಿ ಅಂತ ಹೇಳಿದೆ.

ಕಬ್ಬಿನ ಗದ್ದೆ:

ಫಿಸಿಯೋ ಮೇಡಂ ಹೇಳಿದ್ದೇ ಸರಿ. ಆದರೆ ಅಮ್ಮನನ್ನು ರೂಮಲ್ಲೂ ಬಿಡಬೇಡಿ.

ಹೀಗೆ ಮಾಡಬಹುದು. ಇಡೀ ದಿನಕ್ಕೆ ಡ್ರೈವರ್ ಸಹಿತ ಕಾರು ಮಾಡಿಕೊಳ್ಳಿ. ನೀವು ಅಮ್ಮನ ಜೊತೆ ಕಾರಿನಲ್ಲಿ ಶಾಮರೆಲ್‌ಗೆ ಹೋಗಿ, ಅಪ್ಪ ಮಗ ಬಗ್ಗಿಗೆ ಹೋಗಲಿ. ಶಾಮರೆಲ್‌ನಲ್ಲಿ ಏಳು ಬಣ್ಣದ ಮಣ್ಣಿನ ದಿಬ್ಬಗಳಿವೆ. ಜ್ವಾಲಾಮುಖಿ ಕಲ್ಲು ಸವೆದು ಜೇಡಿಯಾಗಿ, ಅದರಲ್ಲಿನ ಕಬ್ಬಿಣದ ಅಂಶದಿಂದ ಕೆಂಪು, ಕಂದು, ನೇರಳೆ ಬಣ್ಣ ಬಂದಿದೆ. ಅದರ ಮೇಲೆ ಕಾಲಿಡುವ ಹಾಗಿಲ್ಲ, ಬೇಲಿಯಾಚೆಯಿಂದ ನೋಡಬೇಕು. ಅಲ್ಲೇ ದೊಡ್ಡ ದೊಡ್ಡ ಆಮೆಗಳನ್ನೂ ಸಾಕಿದ್ದಾರೆ. ಮಧ್ಯಾಹ್ನ ಎಲ್ಲರೂ ಸೇರಿ ಗಂಗಾ ತಲಾವ್‌ಗೆ ಹೋಗಿ. ಬೆಟ್ಟದ ಮೇಲಿನ ಕೆರೆ, ಶಿವನ ಗುಡಿ, 108 ಅಡಿಯ ಶಿವನ ವಿಗ್ರಹ. ಶಿವರಾತ್ರಿಗೆ ಊರೂರಿನಿಂದ ಕಾವಡಿ ಹೊತ್ತು ನಡೆದೇ ಬರುತ್ತಾರಂತೆ. ಅಮ್ಮನಿಗೆ ಒಂದು ಸ್ವೆಟರ್ ಇರಲಿ, ಮೇಲೆ ಮಂಜು, ಜಿಟಿಜಿಟಿ ಮಳೆ.

ಇನ್ಶೂರೆನ್ಸ್: ಪಾಲಿಸಿಯ ಪೂರ್ತಿ ಕಾಗದ ತರಿಸಿ "ಅಡ್ವೆಂಚರ್ ಸ್ಪೋರ್ಟ್ಸ್" ಅನ್ನುವ ಜಾಗ ಹುಡುಕಿ ಓದಿ. ತುಂಬಾ ಪಾಲಿಸಿಗಳಲ್ಲಿ ಅದನ್ನು ಹೊರಗಿಟ್ಟಿರುತ್ತಾರೆ. ಬಗ್ಗಿ ಅಂತ ಹೆಸರು ಹೇಳಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ತಗೊಳ್ಳಿ. ಗಾಡಿಗೆ ಏಟಾದರೆ ನಾವು ಎಷ್ಟು ಕಟ್ಟಬೇಕು ಅನ್ನುವುದು ಬೇರೆ ಲೆಕ್ಕ. ಅದು ಅಲ್ಲಿ ಸಹಿ ಮಾಡಿಸುವ ಕಾಗದದಲ್ಲಿ ಇರುತ್ತದೆ. ಹೊರಡುವ ಮುಂಚೆ ಗಾಡಿಯ ನಾಲ್ಕೂ ಕಡೆ ಫೋಟೋ ತೆಗೆದಿಡಿ.

ತುಂಗಾತೀರ:

ಅಮ್ಮನಿಗೆ ಗಂಗಾ ತಲಾವ್ ಹೇಳಿದ ಕೂಡಲೇ ಬಗ್ಗಿ ಮಾತೇ ನಿಂತಿತು. ತುಂಗೆಯ ನೀರು ಒಂದು ಚಿಕ್ಕ ಬಾಟ್ಲಿಯಲ್ಲಿ ತಗೊಂಡು ಹೋಗಿ ಅಲ್ಲಿನ ಶಿವನಿಗೆ ಹಾಕಬಹುದಾ ಅಂತ ಕೇಳುತ್ತಿದ್ದಾರೆ. ದೊಡ್ಡ ಬ್ಯಾಗಿನಲ್ಲಿ ಇಟ್ಟುಕೊಂಡರೆ ಆಯಿತು ಅಂದಿದ್ದೇನೆ.

ಮೂರು ಕಡೆ ವಿಚಾರಿಸಿದೆ. ಇಬ್ಬರು ದುಡ್ಡು ಮಾತ್ರ ಹೇಳಿದರು. ಮೂರನೆಯವರು ಮಗನ ಎತ್ತರ ಎಷ್ಟು ಅಂತ ತಾವಾಗೇ ಕೇಳಿದರು. ಅವರನ್ನೇ ಬುಕ್ ಮಾಡಿದೆ, ಬೆಳಿಗ್ಗೆ ಒಂಬತ್ತಕ್ಕೆ. ಕಬ್ಬಿನ ಬಯಲಿನಲ್ಲಿ ಹತ್ತು ನಿಮಿಷ ನಿಲ್ಲಿಸುತ್ತಾರಂತೆ.

ಇವತ್ತು ಯಜಮಾನ್ರು ಆಫೀಸಿಗೆ ಹೊರಟಾಗ ನೋಡಿದೆ, ಎರಡೂ ಹೆಬ್ಬೆರಳು ಸ್ಟೇರಿಂಗ್ ಹೊರಗಡೆ ಇತ್ತು.