ಫೆರಿಟಿನ್ ಮಾದರಿ: ಗೋಳ ಬೇಕಿತ್ತು, ಒಂದೇ ತುಂಡು ಬರ್ತದೆ

ಕಾಳಿ_ದಂಡೆ (ಕಾರವಾರ):
ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಫೆರಿಟಿನ್ (ಕಬ್ಬಿಣ ಕೂಡಿಡುವ ಪ್ರೋಟೀನ್) ಗೋಳ ತ್ರೀಡಿ ಪ್ರಿಂಟ್ ಮಾಡ್ಬೇಕು. ಪ್ರೋಟೀನ್ ರಚನೆಗಳ ಸಂಗ್ರಹವಾದ ಪ್ರೋಟೀನ್ ಡೇಟಾ ಬ್ಯಾಂಕಿನ 1ಎಫ್‌ಎಚ್‌ಎ ಫೈಲ್ ತೆರೆದರೆ ಸುರುಳಿಗಳ ಒಂದು ಉದ್ದನೆ ಕಟ್ಟು ಮಾತ್ರ. ಅದನ್ನೇ ಪ್ರಿಂಟಿಗೆ ಹಾಕಿದರೆ ಮೈತುಂಬ ಪ್ಲಾಸ್ಟಿಕ್ ಎಳೆ, ನಾಝಲ್‌ನಲ್ಲಿ (ಪ್ಲಾಸ್ಟಿಕ್ ಹೊರಬರುವ ಮೂತಿ) ಚಟಚಟ ಸದ್ದು. ಫೈಲ್ ಹಾಳಾಗಿದ್ಯಾ?

ಅಡಿಕೆ_ಅಣು (ಶಿರಸಿ):
ಫೈಲ್ ಸರಿಯಾಗೇ ಇದೆ ಮಾರಾಯ್ರೆ. ಸ್ಫಟಿಕದಲ್ಲಿ ಮರುಕಳಿಸುವ ಕನಿಷ್ಠ ಭಾಗವನ್ನಷ್ಟೇ ಅದರಲ್ಲಿ ಬರೆದಿರ್ತಾರೆ, ಇಲ್ಲಿ ಅದು ಒಂದೇ ಪ್ರೋಟೀನ್ ಸರಪಳಿ. ಗೋಳಕ್ಕೆ ಅಂಥವು 24 ಬೇಕು, ಉಳಿದ 23 ಸಮ್ಮಿತಿಯಿಂದ, ಅಂದ್ರೆ ಅದನ್ನೇ ತಿರುಗಿಸಿ ನಕಲು ಮಾಡಿ, ಬರಬೇಕು. ಡೌನ್‌ಲೋಡ್ ಪಟ್ಟಿಯಲ್ಲಿ 'ಬಯಾಲಾಜಿಕಲ್ ಅಸೆಂಬ್ಲಿ 1' (ಇಡೀ ಗೋಳ) ಆರಿಸಿ, ಸಿಐಎಫ್ ರೂಪದಲ್ಲೇ ಇಳಿಸಿ. ಹಳೆಯ ಪಿಡಿಬಿ ರೂಪದಲ್ಲಿ ಪ್ರತಿ ನಕಲೂ ಬೇರೆ ಬೇರೆ ಮಾಡೆಲ್ ಆಗಿ ಕೂತಿರ್ತದೆ, ಕೆಲವು ತಂತ್ರಾಂಶ ಮೊದಲನೆಯದನ್ನಷ್ಟೇ ತೋರಿಸ್ತವೆ.

ಪ್ರೋಟೀನ್ ರಚನೆ ತೋರಿಸುವ ಕೈಮೆರಾಎಕ್ಸ್ ತಂತ್ರಾಂಶದಲ್ಲಿ ನೀರು, ಲೋಹದ ಅಣುಗಳನ್ನು ಅಳಿಸಿ. ಆಮೇಲೆ ಸರಪಳಿಗೊಂದು ಮೇಲ್ಮೈ ಮಾಡಬೇಡಿ. ಒಂದರೊಳಗೊಂದು ನುಗ್ಗಿದ 24 ಚಿಪ್ಪುಗಳಾಗಿ ಸ್ಲೈಸರ್ (ಮಾದರಿಯನ್ನು ಪ್ರಿಂಟಿಗೆ ಪದರಪದರವಾಗಿ ಸೀಳುವ ತಂತ್ರಾಂಶ) ಗೊಂದಲಕ್ಕೆ ಬೀಳ್ತದೆ. ಬದಲು ಇಡೀ ಗೋಳಕ್ಕೆ ಮಾಲ್‌ಮ್ಯಾಪ್ ಆದೇಶ ಕೊಟ್ಟು (ಎಲ್ಲ ಸೇರಿ ಒಂದೇ ಮಸುಕು ರೂಪವಾಗ್ತದೆ), ರೆಸಲ್ಯೂಶನ್, ಅಂದ್ರೆ ಮಸುಕಿನ ಪ್ರಮಾಣ, 5 ಆಂಗ್‌ಸ್ಟ್ರಾಮ್ (ನ್ಯಾನೋಮೀಟರಿನ ಹತ್ತನೇ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್) ಇಟ್ಟು, ಪ್ರಿಂಟಿಗೆ ಬೇಕಾದ ಎಸ್‌ಟಿಎಲ್ ಫೈಲ್ ಆಗಿ ಉಳಿಸಿ. ಎಸ್‌ಟಿಎಲ್‌ಗೆ ಅಳತೆಯ ಘಟಕವೇ ಇಲ್ಲ, ಸ್ಲೈಸರ್ ಒಂದು ಆಂಗ್‌ಸ್ಟ್ರಾಮನ್ನು ಒಂದು ಮಿಲಿಮೀಟರ್ ಅಂತ ಓದ್ತದೆ. ಇದು ನಮಗೆ ಅನುಕೂಲವೇ: 12 ನ್ಯಾನೋಮೀಟರ್ ಗೋಳ 12 ಸೆಂಟಿಮೀಟರ್ ಚೆಂಡಾಗ್ತದೆ, ಒಳಗೆ ಕಬ್ಬಿಣ ತುಂಬಿಡುವ 8 ಸೆಂಟಿಮೀಟರ್ ಪೊಳ್ಳು. ಮಧ್ಯಕ್ಕೆ ಕತ್ತರಿಸಿ, ಕತ್ತರಿಸಿದ ಮುಖ ಕೆಳಗಿಟ್ಟು ಎರಡು ಅರ್ಧ ಪ್ರಿಂಟ್ ಮಾಡಿ. ಸಪೋರ್ಟ್ (ಆಧಾರಕ್ಕೆ ಪ್ರಿಂಟ್ ಆಗುವ ಪ್ಲಾಸ್ಟಿಕ್) ಹೆಚ್ಚಿನದು ಒಳಗೇ ಬೀಳ್ತದೆ, ಕೈಹಾಕಿ ಕೀಳಬಹುದು.

ಚಟಚಟ ಅನ್ನೋದು ಬೇರೆ ರೋಗ. ಮಳೆಗಾಲದಲ್ಲಿ ಡಬ್ಬಿಯಾಚೆ ಬಿಟ್ಟ ಹಲಸಿನ ಹಪ್ಪಳದ ಹಾಗೆ ಪಿಎಲ್‌ಎ (ಪ್ರಿಂಟ್ ಮಾಡುವ ಪ್ಲಾಸ್ಟಿಕ್ ತಂತಿ) ತೇವ ಹೀರಿದೆ. 45–50 ಡಿಗ್ರಿಯಲ್ಲಿ 5–6 ಗಂಟೆ ಒಣಗಿಸಿ. 60 ದಾಟಿದರೆ ಮೆತ್ತಗಾಗಿ ಸುತ್ತುಗಳು ಒಂದಕ್ಕೊಂದು ಅಂಟ್ತವೆ. ಪ್ರಿಂಟ್ ಆಗುವಾಗಲೂ ತಂತಿಯ ಸುರುಳಿ ತೇವ ಹೀರುವ ಸಿಲಿಕಾ ಜೆಲ್ ಇರುವ ಮುಚ್ಚಿದ ಡಬ್ಬಿಯಲ್ಲೇ ಇರಲಿ.

ಕಾಳಿ_ದಂಡೆ:
ಗೋಳ ಬಂತು, ಎಳೆಯೂ ನಿಂತಿತು. ಆದ್ರೆ ಕಬ್ಬಿಣ ಒಳಹೋಗುವ ತೂತುಗಳೇ ಕಾಣ್ತಿಲ್ಲ.

ಅಡಿಕೆ_ಅಣು:
ಮೂರು ಸರಪಳಿ ಕೂಡುವಲ್ಲಿ ಇರೋವು ಅವು, ಒಟ್ಟು 8. ಅಗಲ ಸುಮಾರು 4 ಆಂಗ್‌ಸ್ಟ್ರಾಮ್ ಅಷ್ಟೇ, 5ರ ಮಸುಕಿನಲ್ಲಿ ಮುಚ್ಚಿಹೋಗ್ತವೆ. ರೆಸಲ್ಯೂಶನ್ 4ಕ್ಕೆ ಇಳಿಸಿ, ಕಾಂಟೂರ್ ಮಟ್ಟ (ಎಷ್ಟು ಸಾಂದ್ರತೆಯಲ್ಲಿ ಮೇಲ್ಮೈ ಎಳೆಯಬೇಕು ಅನ್ನೋದು) ಸ್ವಲ್ಪ ಸ್ವಲ್ಪವೇ ಏರಿಸಿ. ನಾಲ್ಕು ಕೂಡುವ 6 ಜಾಗಗಳು ಇನ್ನೂ ಕಿರಿದು, ಮುಚ್ಚಿದ್ದರೂ ಅಡ್ಡಿಯಿಲ್ಲ. ಮಟ್ಟ ಏರಿಸಿದಷ್ಟೂ ಗೋಡೆ ಸೊರಗ್ತದೆ. 0.4 ಮಿಲಿಮೀಟರ್ ನಾಝಲ್ ಆದರೆ ಎಲ್ಲೂ 1.2 ಮಿಲಿಮೀಟರಿಗಿಂತ ತೆಳುವಾಗದ ಹಾಗೆ ನಿಲ್ಲಿಸಿ. ತೂತಿನ ಬಾಯಿಗೆ ಕೆಂಪು ಬಣ್ಣ ಹಚ್ಚಿ: ಸರಪಳಿಯ 131ನೇ ಅಮೈನೋ ಆಮ್ಲ ಆಸ್ಪಾರ್ಟೇಟ್, 134ನೇದು ಗ್ಲುಟಮೇಟ್ ಅಲ್ಲೇ ಇವೆ, ಅವುಗಳ ಋಣ ವಿದ್ಯುದಂಶವೇ ಕಬ್ಬಿಣವನ್ನು ಒಳಗೆಳೆಯೋದು.