ಸಹಾಯ ಬೇಕು: ಓಸ್ಲೋದಲ್ಲಿ ಅಮ್ಮನಿಗೆ ಸದ್ದಿಲ್ಲದ ದೋಣಿ

ಎಲ್ಲರಿಗೂ ನಮಸ್ಕಾರ. ಜೂನ್ ಕೊನೆಯಲ್ಲಿ ಅಮ್ಮನನ್ನು ಕರೆದುಕೊಂಡು ಓಸ್ಲೋದಲ್ಲಿರುವ ಅಕ್ಕನ ಮನೆಗೆ ಹೋಗುತ್ತಿದ್ದೇನೆ. ಫ್ಯೋರ್ಡ್ (ನೆಲದೊಳಕ್ಕೆ ಉದ್ದವಾಗಿ ಚಾಚಿರುವ ಸಮುದ್ರದ ಕವಲು) ಸುತ್ತಲು ಬ್ಯಾಟರಿಯಲ್ಲಿ ಓಡುವ ದೋಣಿಯೇ ಬೇಕು. ಅಮ್ಮ ಹಿಯರಿಂಗ್ ಏಡ್ ಹಾಕುತ್ತಾರೆ. ಡೀಸೆಲ್ ಎಂಜಿನ್ ಗಡಗಡ ಅನ್ನುತ್ತಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಅವರಿಗೆ ತಿಳಿಯುವುದಿಲ್ಲ, ತಲೆನೋವು ಬೇರೆ.

ಆಕೆರ್ಸ್‌ಹೂಸ್ ಕೋಟೆ, ನೀರಿನವರೆಗೂ ಇಳಿದು ಬರುವ ಬಿಳಿ ಚಾವಣಿಯ ಒಪೆರಾ ಹೌಸ್, ಅದರ ಪಕ್ಕದಲ್ಲೇ 2021ರಲ್ಲಿ ತೆರೆದ, ಚಿತ್ರಕಾರ ಮುಂಕ್ ಅವರ ಮ್ಯೂಸಿಯಂ, ಇವನ್ನೆಲ್ಲ ನೀರಿನ ಕಡೆಯಿಂದ ತೋರಿಸುತ್ತಾ ಅಕ್ಕ ಹೇಳುವ ಒಂದೊಂದು ಮಾತೂ ಅಮ್ಮನಿಗೆ ಕೇಳಿಸಬೇಕು ಅನ್ನೋದು ನನ್ನ ಆಸೆ.

ಹೋಗಿ ಬಂದವರು ದಯವಿಟ್ಟು ತಿಳಿಸಿ. ದೋಣಿಗೆ ಮೆಟ್ಟಿಲು ಹತ್ತಬೇಕೇ, ಹಲಗೆ ಮೇಲೆ ನಡೆದು ಹೋಗಬಹುದೇ? ಅಮ್ಮನಿಗೆ ಮಂಡಿನೋವು. ಗಾಳಿ ಬೀಸಿದರೆ ಒಳಗೆ ಕೂತು ಗಾಜಿನಿಂದ ನೋಡಲು ಜಾಗ ಇದೆಯೇ? ಶೌಚಾಲಯ? ಆಗ ರಾತ್ರಿ ಹತ್ತಾದರೂ ಬೆಳಕಿರುವುದರಿಂದ ಸಂಜೆಯ ದೋಣಿಯಾದರೂ ಪರವಾಗಿಲ್ಲ.

ಇನ್ನೊಂದು ವಿಷಯ. ಬಸ್ಸು, ಟ್ರಾಮಿನ ಟಿಕೆಟ್ಟಿನಲ್ಲೇ ದ್ವೀಪಗಳ ದೋಣಿಗೂ ಹೋಗಬಹುದಂತೆ. ಹೂವೆಡೋಯಾ ದ್ವೀಪದಲ್ಲಿ 1147ರಲ್ಲಿ ಕಟ್ಟಿದ ಕ್ರೈಸ್ತ ಮಠದ ಅವಶೇಷಗಳಿವೆ, ಅಮ್ಮನಿಗೆ ಹಳೇ ಕಲ್ಲುಕಟ್ಟಡ ಎಂದರೆ ಪ್ರಾಣ. ದೋಣಿ ನಿಲ್ಲುವ ಜಾಗದಿಂದ ಅಲ್ಲಿಗೆ ದಾರಿ ತುಂಬಾ ಏರೇ? ವಯಸ್ಸಾದವರನ್ನು ಕರೆದೊಯ್ದವರ ಅನುಭವ ಸಿಕ್ಕರೆ ದೊಡ್ಡ ಉಪಕಾರ.