ಆಕ್ಸಲ್‌ಗೆ ಯಾವ ಜಾಯಿಂಟ್: ರ್ಜೆಪಾನೋ, ಟ್ರೈಪಾಡೋ?

ಪ್ರಶ್ನೆ: ನಮಸ್ಕಾರ ಸರ್. ನಾವು ಕಾಲೇಜಿನ ಬಾಹಾ (ವಿದ್ಯಾರ್ಥಿಗಳೇ ಗಾಡಿ ಕಟ್ಟಿ ಓಡಿಸುವ ಸ್ಪರ್ಧೆ) ತಂಡದವರು, ಕಾಡುದಾರಿಯಲ್ಲಿ ಓಡುವ ಒಂಟಿ ಸೀಟಿನ ಗಾಡಿ ಕಟ್ಟುತ್ತಿದ್ದೇವೆ. ಇಂಜಿನ್ ಟಾರ್ಕ್ (ತಿರುಗಿಸುವ ಬಲ) 19 ನ್ಯೂಟನ್ ಮೀಟರ್. ಸಿವಿಟಿ (ಬೆಲ್ಟಿನ ಆಟೊಮ್ಯಾಟಿಕ್ ಗೇರ್), ಗೇರ್‌ಬಾಕ್ಸ್ ಸೇರಿ ಅದು 30 ಪಟ್ಟಾಗುತ್ತದೆ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಆಕ್ಸಲ್ ಶಾಫ್ಟಿನ ಎರಡು ತುದಿಗೂ ಬಾಗುವ ಜಾಯಿಂಟ್ ಬೇಕಲ್ಲ, ಮಾರುತಿ 800 ಕಾರಿನದು ತಡೆಯುತ್ತಾ? ಎರಡೂ ತುದಿಗೆ ರ್ಜೆಪಾ ಬಗೆಯ ಜಾಯಿಂಟನ್ನೇ ಹಾಕಿದರೆ ಗಟ್ಟಿ ಅಲ್ವಾ?

ಉತ್ತರ: ಟಾರ್ಕ್‌ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 19ನ್ನು 30ರಿಂದ ಗುಣಿಸಿದರೆ 570 ನ್ಯೂಟನ್ ಮೀಟರ್. ಆದರೆ ಅಷ್ಟು ಬರುವ ಮೊದಲೇ ಟೈರ್ ಜಾರುತ್ತದೆ. ಒಂದು ಚಕ್ರದ ಮೇಲೆ 100 ಕೆಜಿ ಭಾರ, ನೆಲದ ಹಿಡಿತ (ಘರ್ಷಣಾಂಕ) 0.8, ಚಕ್ರದ ತ್ರಿಜ್ಯ 0.28 ಮೀಟರ್ ಅಂದುಕೊಳ್ಳಿ. ನೆಲ ತಡೆಯುವುದು ಸುಮಾರು 220 ಮಾತ್ರ. ಗಾಡಿ ಹಾರಿ, ತಿರುಗುತ್ತಿರುವ ಚಕ್ರ ನೆಲಕ್ಕೆ ಬಡಿದಾಗ ಏಟು ಜೋರಾಗಿರುತ್ತದೆ, ಅದಕ್ಕೆ ನಾನು ದುಪ್ಪಟ್ಟು ಲೆಕ್ಕ ಹಿಡಿಯುತ್ತೇನೆ: 440. 800ರ ಇಂಜಿನ್ ಸುಮಾರು 60 ಕೊಡುತ್ತದೆ, ಮೊದಲ ಗೇರಿನಲ್ಲಿ ಅದು ಸುಮಾರು 15 ಪಟ್ಟು. ಎರಡು ಆಕ್ಸಲ್‌ಗೆ ಹಂಚಿದರೆ ತಲಾ 450. ಅಷ್ಟನ್ನು ಆ ಜಾಯಿಂಟ್ ತಡೆಯುತ್ತದೆ, ನಿಮಗೆ ಸಾಕು.

ನಿಮ್ಮ ತೊಂದರೆ ಇರುವುದು ಎರಡನೇ ಪ್ರಶ್ನೆಯಲ್ಲಿ. ರ್ಜೆಪಾದಲ್ಲಿ ಆರು ಗುಂಡುಗಳು ಬಾಗಿದ ತೋಡುಗಳಲ್ಲಿ ಕೂತಿರುತ್ತವೆ. 47 ಡಿಗ್ರಿವರೆಗೂ ಬಾಗುತ್ತದೆ, ಆದರೆ ಉದ್ದಕ್ಕೆ ಒಂದಿಷ್ಟೂ ಜಾರುವುದಿಲ್ಲ. ಸ್ಟೀರಿಂಗ್ ತಿರುಗಿಸುವ ಮುಂದಿನ ಚಕ್ರಕ್ಕೆ ಅದು ಬೇಕು. ನಿಮ್ಮ ಸಸ್ಪೆನ್ಷನ್ ಮೇಲೆ ಕೆಳಗೆ ಆದಾಗೆಲ್ಲ ಗೇರ್‌ಬಾಕ್ಸಿಗೂ ಚಕ್ರದ ಹಬ್‌ಗೂ (ನಡುಭಾಗ) ನಡುವಿನ ದೂರ ಬದಲಾಗುತ್ತದೆ. ಎಲ್ಲಿಯೂ ಜಾರದಿದ್ದರೆ ಶಾಫ್ಟ್ ಹೋಗಿ ಗೇರ್‌ಬಾಕ್ಸ್ ಬೇರಿಂಗನ್ನೇ ಗುದ್ದುತ್ತದೆ.

ಹಾಗಾಗಿ ಚಕ್ರದ ಕಡೆಯ ಹೊರತುದಿಗೆ ರ್ಜೆಪಾ ಇರಲಿ, ಗೇರ್‌ಬಾಕ್ಸ್ ಕಡೆಯ ಒಳತುದಿಗೆ ಟ್ರೈಪಾಡ್. ಮೂರು ರೋಲರ್, ನೇರ ದಾರಿ, 40-50 ಮಿಲಿಮೀಟರ್ ಸಲೀಸಾಗಿ ಜಾರುತ್ತದೆ. ಬಾಗುವುದು ಮಾತ್ರ 23-26 ಡಿಗ್ರಿ. ಬಾಗಿ ಎಳೆಯುವಾಗ ಪ್ರತಿ ಸುತ್ತಿಗೆ ಮೂರು ಸಲ ಶಾಫ್ಟನ್ನು ಉದ್ದಕ್ಕೆ ತಳ್ಳುತ್ತದೆ. ಕಾರಿನಲ್ಲಿ ಇದು ನಡುಕವಾಗಿ ತಿಳಿಯುತ್ತದೆ. ನಿಮ್ಮ ಗಾಡಿಯ ಸದ್ದಿನಲ್ಲಿ ಯಾರಿಗೆ ಗೊತ್ತಾಗುತ್ತೆ ಬಿಡಿ!

ಪ್ರಶ್ನೆ: ಜಾಯಿಂಟ್ ಎಷ್ಟು ಜಾರುತ್ತದೆ ಅಂತ ಸಾಫ್ಟ್‌ವೇರಿನಲ್ಲಿ ನೋಡಿದರೆ ಸಾಕಾ?

ಉತ್ತರ: ಅದನ್ನೂ ನೋಡಿ, ಆಮೇಲೆ ಸ್ಪ್ರಿಂಗ್ ಬಿಚ್ಚಿ ಕೈಯಲ್ಲೇ ಚಕ್ರವನ್ನು ಪೂರ್ತಿ ಮೇಲಕ್ಕೆ, ಪೂರ್ತಿ ಕೆಳಕ್ಕೆ ಮಾಡಿ ಅಳೆಯಿರಿ. ಎರಡೂ ಕೊನೆಯಲ್ಲಿ 5 ಮಿಲಿಮೀಟರ್ ಉಳಿಯಬೇಕು. ಇಲ್ಲದಿದ್ದರೆ ಒಂದು ಕಡೆ ರೋಲರ್ ಜಾಯಿಂಟಿನ ಬಟ್ಟಲಿನಿಂದ (ಕಪ್) ಹೊರಬರುತ್ತದೆ, ಇನ್ನೊಂದು ಕಡೆ ತಳಕ್ಕೆ ಬಡಿಯುತ್ತದೆ. ಚಕ್ರ ಪೂರ್ತಿ ಕೆಳಗೆ ತೂಗಿದಾಗ ಕೋನವನ್ನೂ ಅಳೆಯಿರಿ. ಜಾಯಿಂಟ್ ಬಾಗಿದಷ್ಟೂ ತಡೆಯುವ ಟಾರ್ಕ್ ಕಡಿಮೆ. 20 ಡಿಗ್ರಿ ದಾಟಿದರೆ ಚಕ್ರ ಅಷ್ಟು ಕೆಳಗಿಳಿಯದಂತೆ ಒಂದು ಪಟ್ಟಿ ಕಟ್ಟಿಬಿಡಿ.

ಇನ್ನೊಬ್ಬರ ಪ್ರಶ್ನೆ: ಎರಡೂ ಕಡೆ ಟ್ರೈಪಾಡ್ ಹಾಕಬಹುದಾ ಸರ್?

ಉತ್ತರ: ಹಿಂದಿನ ಚಕ್ರಕ್ಕೆ ಹಾಕುತ್ತಾರೆ, ಹಗುರ ಕೂಡ. ಆದರೆ ಶಾಫ್ಟ್ ಅತ್ತಿಂದಿತ್ತ ಅಲೆಯುತ್ತದೆ. ಎರಡೂ ತುದಿಗೆ ಚಿಕ್ಕ ಸ್ಪ್ರಿಂಗ್ ಕೊಟ್ಟು ನಡುವೆ ನಿಲ್ಲಿಸಬೇಕು.

ಮೊದಲಿನವರಿಗೆ: 800ರ ಶಾಫ್ಟ್ ಉದ್ದ ಜಾಸ್ತಿ ಅಂತ ಕತ್ತರಿಸಿ ವೆಲ್ಡ್ ಮಾಡಿಸಬೇಡಿ. ಅದರ ಮೇಲ್ಮೈಯನ್ನು ಕಾಯಿಸಿ ಗಟ್ಟಿ ಮಾಡಿರುತ್ತಾರೆ, ವೆಲ್ಡಿನ ಪಕ್ಕದಲ್ಲೇ ಮುರಿಯುತ್ತದೆ. ಜಾಯಿಂಟ್ ಅದೇ ಇರಲಿ, ಶಾಫ್ಟ್ ಮಾತ್ರ ಇಎನ್24 ಉಕ್ಕಿನಲ್ಲಿ ಹೊಸದು ಮಾಡಿಸಿ. ಬೆಂಗಳೂರಿನವರಾದರೆ ಪೀಣ್ಯದಲ್ಲಿ ವಿಚಾರಿಸಿ.